ಗಂಟೆ ಲೆಕ್ಕದ ಮಂಗಳೂರು

‘ಮಂಗಳೂರಾ? ವಿಮಾನದಲ್ಲಿ ಒಂದೇ ಗಂಟೆ ಕಣ್ರೀ!’ ಎನ್ನುವವರು ಪುಣ್ಯವಂತರು. ಬೆಂಗಳೂರಿನಿಂದ ಆಕಾಶಮಾರ್ಗ ಸುಮಾರು 300 ಕಿಲೋಮೀಟರ್, ಒಪ್ಪೋಣ. ಆದರೆ ಆ ಆಕಾಶ ಶುರುವಾಗುವುದೇ ದೇವನಹಳ್ಳಿಯಲ್ಲಿ! 2008ರಲ್ಲಿ ನಿಲ್ದಾಣ ಅಲ್ಲಿಗೆ ಹೋದಮೇಲೆ ಜಯನಗರದವರಿಗೆ ಹೆಬ್ಬಾಳ ದಾಟುವುದೇ ಅರ್ಧ ಪ್ರಯಾಣ. ಟ್ಯಾಕ್ಸಿ ಮೇಲ್ಸೇತುವೆ ಮೇಲೆ ನಿಂತಿರುತ್ತದೆ, ಮೀಟರ್ ಮಾತ್ರ ಹಾರುತ್ತಿರುತ್ತದೆ. ಪಕ್ಕದಲ್ಲಿ ಹೆಂಡತಿ, ‘ರೀ, ಆಧಾರ್ ಇಟ್ಕೊಂಡ್ರಾ?’ ಎಂದು ಮೂರನೇ ಸಲ ಕೇಳುತ್ತಾಳೆ.

ಒಳಗೆ ಬೆಲ್ಟ್ ಬಿಚ್ಚು, ಪ್ಯಾಂಟು ಹಿಡಿದುಕೋ, ನೀರಿನ ಬಾಟಲಿ ಖಾಲಿ ಮಾಡು.

ಟಿಕೆಟ್ಟಿನ ಆ ಒಂದು ಗಂಟೆಯಾದರೂ ಪೂರ್ತಿ ಹಾರಾಟವಲ್ಲ. ಇಲ್ಲಿ ಜಾಗ ಬಿಟ್ಟು ಕದಲಿದ ಹೊತ್ತಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ ಅದು. ರನ್‌ವೇ ಸರದಿಗೆ ಕಾಯುವುದೂ ಸೇರಿಯೇ. ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಏರುವುದು ಮುಗಿಯಿತೆನ್ನುವಷ್ಟರಲ್ಲಿ ಇಳಿಯುವುದು ಶುರು. ತಿಂಡಿ ಗಾಡಿ ನಮ್ಮ ಸಾಲಿಗೆ ಬರುವ ಹೊತ್ತಿಗೆ ‘ಬೆಲ್ಟ್ ಕಟ್ಟಿಕೊಳ್ಳಿ’ ಘೋಷಣೆ. ನನಗಂತೂ ಕಾಫಿ ಸಿಕ್ಕಿದ್ದೇ ಇಲ್ಲ.

ಬಜಪೆಯ ರನ್‌ವೇ ಗುಡ್ಡದ ನೆತ್ತಿ ತಟ್ಟಿ ಸಮ ಮಾಡಿದ್ದು. ಆಷಾಢದ ಮಳೆಯಲ್ಲಿ ಅದು ಮೋಡದೊಳಗೆ ಅಡಗಿದರೆ ಮೇಲೆಯೇ ಪ್ರದಕ್ಷಿಣೆ. ಹಿಂದಿನ ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿಯುದ್ದಕ್ಕೂ ಗೊರಕೆ ಹೊಡೆದ ಭಾವ ಅಷ್ಟರಲ್ಲಿ ಸ್ನಾನ ಮುಗಿಸಿ, ನೀರುದೋಸೆ ಮುರಿಯುತ್ತಾ ಫೋನ್ ಮಾಡಿರುತ್ತಾನೆ: ‘ಎಲ್ಲಿದ್ದೀರಿ ಭಾವ, ಹೊರಟ್ರಾ?’