ನವಿಲನ್ನು ‘ದೈನಿಕ’ ಮಾಡಿದವರಿಗೆ

ಒಂಬತ್ತನೇ ತರಗತಿಯ ವಿಜ್ಞಾನದ ಗೈಡೊಂದನ್ನು ಕನ್ನಡಕ್ಕೆ ಇಳಿಸಿದ ಮಹನೀಯರಿಗೆ ನಮಸ್ಕಾರಗಳು.

ಪುಸ್ತಕದಲ್ಲಿ ಎಲ್ಲೂ ತಮ್ಮ ಹೆಸರಿಲ್ಲ. ಅದಕ್ಕೇ ಈ ಬಹಿರಂಗ ಪತ್ರ.

ಮೊನ್ನೆ ನನ್ನ ತಂಗಿಯ ಮಗಳು ಗೈಡು ಹಿಡಿದು ಬಂದಳು. “ಮಾವ, ನವಿಲು ದೈನಿಕ ಪ್ರಾಣಿ ಅಂತ ಇದೆ. ಅಂದ್ರೆ ಪೇಪರ್ ಥರ ದಿನಾ ಬರುತ್ತಾ?” ನಾನು ಪುಟ ತಿರುವಿದೆ. ಗೂಬೆ ‘ನಿಶಾಚರ’, ನವಿಲು ‘ದೈನಿಕ’. ಒಂದಕ್ಕೆ ರಾಕ್ಷಸರ ಪದವಿ, ಇನ್ನೊಂದಕ್ಕೆ ಪತ್ರಿಕೆಯ ಪದವಿ. ಇನ್ನೆರಡು ಪುಟ ಮುಂದೆ ಹೋದರೆ ಹಗಲಿರುಳಿನ ಬಿಸಿಲು-ಚಳಿಯ ಅಂತರವೂ ‘ದೈನಿಕ’, ನಮ್ಮ ಮೈಯೊಳಗಿನ ನಿದ್ದೆ-ಎಚ್ಚರದ ಲಯವೂ ‘ದೈನಿಕ’. ಒಂದೇ ಸೊಪ್ಪಿನಿಂದ ಸಾರನ್ನೂ ಪಲ್ಯವನ್ನೂ ತೆಗೆಯುವ ಬಸ್ಸಾರಿನ ಜಾಣ್ಮೆ ತಮ್ಮದು!

ತಪ್ಪೆಲ್ಲ ತಮ್ಮದೇ ಎನ್ನಲಾರೆ. ಇಂಗ್ಲಿಷಿನ ‘ಡಯರ್ನಲ್’ ಎಂಬ ಪದವೇ ಎರಡು ದೋಣಿಗೆ ಕಾಲಿಟ್ಟಿದೆ. ಹವಾಮಾನದವರ ಬಾಯಲ್ಲಿ ಅದು ಇಡೀ 24 ಗಂಟೆಯದು, ಪ್ರಾಣಿಶಾಸ್ತ್ರದವರ ಬಾಯಲ್ಲಿ ಬರೀ ಹಗಲಿನದು. ಆದರೆ ನಮಗೆ ಆ ಬಡತನ ಇರಲಿಲ್ಲವಲ್ಲ! ಹಗಲುವೇಷದವರನ್ನು ಯಾರೂ ದಿನವೇಷದವರು ಅನ್ನುವುದಿಲ್ಲ. ಹಗಲು ದರೋಡೆಯೇ ಬೇರೆ, ದಿನದ ದರೋಡೆ ಎಂದರೆ ಅದೊಂದು ಕಸುಬಾಯಿತು. ಹಾಗೆ ನೋಡಿದರೆ ಸಂಸ್ಕೃತದ ‘ದಿನ’ವೂ ಆಗಾಗ ಹಗಲಿನ ಕೆಲಸ ಮಾಡುತ್ತದೆ, ದಿನಕರನೇ ಸಾಕ್ಷಿ. ಎರಡೂ ಸೇರಿದ್ದನ್ನು ಒತ್ತಿ ಹೇಳುವುದಕ್ಕೆ ‘ಅಹೋರಾತ್ರ’ ಎಂಬ ಪದ ಇದೆ. (ನಮ್ಮ ಕಡೆ ‘ಅಹೋರಾತ್ರಿ’ ಎಂದು ಕರಪತ್ರ ಹಂಚಿದ ನಾಟಕ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವ ಮುಗಿಯುತ್ತದೆ. ಹಗಲಿನ ಪಾಲಿನ ಟಿಕೆಟ್ ಹಣ ವಾಪಸ್ ಕೇಳಿದವರನ್ನು ನಾನು ಕಂಡಿಲ್ಲ.)

ನಮ್ಮ ಹಿತ್ತಿಲ ಬೇಲಿಯಲ್ಲೊಂದು ಸಂಜೆಮಲ್ಲಿಗೆ ಗಿಡವಿದೆ. ಮಧ್ಯಾಹ್ನ ನೋಡಿದರೆ ನಿನ್ನೆಯ ಹೂಗಳು ಒದ್ದೆ ಕಾಗದದ ಹಾಗೆ ಮುದುಡಿ ಜೋತಿರುತ್ತವೆ. ಸಂಜೆಯ ಕಾಫಿ ಕುಡಿದು ಲೋಟ ತೊಳೆಯಲು ಹೋಗುವಷ್ಟರಲ್ಲಿ ಉದ್ದ ಮೊಗ್ಗುಗಳ ತುದಿ ಸಡಿಲಾಗಿರುತ್ತದೆ. ದೀಪ ಹಚ್ಚುವ ಹೊತ್ತಿಗೆ ಗಿಡದ ತುಂಬ ಗುಲಾಬಿ ಬಣ್ಣ, ಘಮ, ಪತಂಗ. ಈ ಹೂವು ದಿನಾ ಅರಳುತ್ತದೆ, ಹಗಲು ಅರಳುವುದಿಲ್ಲ. ತಮ್ಮ ಗೈಡಿನ ಪ್ರಕಾರ ಇದು ದೈನಿಕವೋ ನಿಶಾಚರವೋ? ದಯಮಾಡಿ ತಿಳಿಸಬೇಕು. ಗಿಡ ಕಾಯುತ್ತಿದೆ.

ಈ ಗೊಂದಲ ಬಿಡಿಸುವ ಸುಳಿವು ಹಳೆಯದು: 1729ರಲ್ಲೇ ಡಿ ಮೆರಾನ್ ಎಂಬ ಫ್ರೆಂಚ್ ಖಗೋಳಜ್ಞ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿ ಇಟ್ಟು ನೋಡಿದ್ದ. ಬೆಳಕು ಕಾಣದಿದ್ದರೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿತು, ಮಡಿಚಿತು. ಅಂದರೆ ಆ ಲಯ ಹಗಲಿನದಲ್ಲ, ದಿನದ್ದು. ಅದೂ ಕರಾರುವಾಕ್ಕಾಗಿ ದಿನದ್ದಲ್ಲ; ಸೂರ್ಯ ತಿದ್ದದೆ ಹೋದರೆ ನಮ್ಮ ಒಳಗಡಿಯಾರವೂ 24 ಗಂಟೆಗಿಂತ ತುಸು ಹೆಚ್ಚೇ ಓಡುತ್ತದೆ. ಅದಕ್ಕೇ 1959ರಲ್ಲಿ ವಿಜ್ಞಾನಿ ಫ್ರಾಂಜ್ ಹಾಲ್‌ಬರ್ಗ್ ಲ್ಯಾಟಿನ್ನಿನ ‘ಸುಮಾರು’ ಮತ್ತು ‘ದಿನ’ ಎರಡನ್ನೂ ಜೋಡಿಸಿ ‘ಸರ್ಕೇಡಿಯನ್’ ಎಂಬ ಪದ ಕಟ್ಟಿದ. ತಾವು ದಿನವನ್ನು ಉಳಿಸಿಕೊಂಡು ಸುಮಾರನ್ನು ಕೈಬಿಟ್ಟಿರಿ. ಅನುವಾದ ಮಾತ್ರ ಸುಮಾರಾಗಿಯೇ ಇದೆ.

ಕೊನೆಯದಾಗಿ ಒಂದು ಮನವಿ. ಕಿರುಪರೀಕ್ಷೆಯಲ್ಲಿ ನಮ್ಮ ಹುಡುಗಿ “ನವಿಲು ಹಗಲು ಓಡಾಡುವ ಹಕ್ಕಿ” ಎಂದು ಬರೆದಳು. ‘ದೈನಿಕ’ ಎಂದಿಲ್ಲವೆಂದು ಒಂದು ಅಂಕ ಹೋಯಿತು. ಮೇಷ್ಟ್ರು ತಮ್ಮ ಗೈಡನ್ನೇ ತೋರಿಸುತ್ತಾರೆ. ಮುಂದಿನ ಮುದ್ರಣದ ಮಾತು ಹಾಗಿರಲಿ, ಆ ಒಂದು ಅಂಕ ವಾಪಸ್ ಕೊಡಿಸಿ.

ಇಂತಿ,
ಹಗಲು ಎಚ್ಚರವಿರುವ, ದಿನಾ ನಿದ್ದೆ ಮಾಡುವ
ಒಬ್ಬ ಓದುಗ