ಮೇಷ್ಟ್ರ ಕಾಲಿಗೂ ಒಂದು ಪರ್ಮಿಟ್

ಸರ್ಕಾರ ನಮ್ಮ ಮಾತನ್ನು ಸುಲಭಕ್ಕೆ ನಂಬುವುದಿಲ್ಲ. ಪಿಂಚಣಿ ತೆಗೆದುಕೊಳ್ಳುವವರು ತಾವಿನ್ನೂ ಬದುಕಿದ್ದೇವೆಂದು ಪ್ರತಿ ನವೆಂಬರಿನಲ್ಲಿ ಸರ್ಟಿಫಿಕೇಟು ಕೊಡಬೇಕು. ಆದರೆ ಇಟಲಿಯ ರಸ್ತೆಯಲ್ಲಿ ನಾವು ಕಾರು ಓಡಿಸಬಲ್ಲೆವು ಎಂಬುದರಲ್ಲಿ ಅದಕ್ಕೆ ಎಳ್ಳಷ್ಟೂ ಅನುಮಾನವಿಲ್ಲ. ಫಾರಂ 4ಎ ತುಂಬಿ, ಲೈಸೆನ್ಸು, ಪಾಸ್‌ಪೋರ್ಟು ಲಗತ್ತಿಸಿ, 1000 ರೂಪಾಯಿ ಶುಲ್ಕ ಕಟ್ಟಿದರೆ ಆರ್‌ಟಿಒದವರು ಅಂತರರಾಷ್ಟ್ರೀಯ ಪರ್ಮಿಟ್ ಕೊಡುತ್ತಾರೆ. ಟೆಸ್ಟಿಲ್ಲ. 2021ರಿಂದ ಡಾಕ್ಟರ ಸರ್ಟಿಫಿಕೇಟೂ ಬೇಡ. 1949ರ ಜಿನೀವಾ ಒಪ್ಪಂದದ ದಯೆಯಿಂದ ಒಂದು ವರ್ಷ ನಾವು ವಿಶ್ವಚಾಲಕರು.

ಪರ್ಮಿಟ್ಟು ಹೊಸದೇನನ್ನೂ ಹೇಳುವುದಿಲ್ಲ. ಊರಿನ ಲೈಸೆನ್ಸಿನಲ್ಲಿದ್ದುದನ್ನೇ ಪರಭಾಷೆಗಳಲ್ಲಿ ಒದರುತ್ತದೆ. ಆ ಲೈಸೆನ್ಸು ಬಂದ ಬಗೆ ಎಂಥದ್ದು? ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಕ್ಕೆ ಕೂತ ಮೇಷ್ಟ್ರ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು. ಸ್ಟೇರಿಂಗ್ ಹಿಡಿದವರು ನಾವು, ಪಾಸಾದದ್ದು ಅವರ ಕಾಲು. ನ್ಯಾಯವಾಗಿ ಪರ್ಮಿಟ್ಟಿಗೆ ಅಂಟಿಸಬೇಕಾದ್ದು ಆ ಕಾಲಿನ ಫೋಟೋ.

ಬಾಡಿಗೆ ಕಾರಿನ ಕೌಂಟರಿನವರಾದರೂ ವಿಚಾರಿಸುತ್ತಾರೆಯೇ? "ರಸ್ತೆಯ ಬಲಬದಿಯಲ್ಲಿ ಓಡಿಸಿ ಗೊತ್ತೇ?" ಎಂದು ಕೇಳುವ ಪೈಕಿಯವರಲ್ಲ ಅವರು. ಕ್ರೆಡಿಟ್ ಕಾರ್ಡ್ ಎಲ್ಲಿ, ಅಷ್ಟೇ. ಡೆಬಿಟ್ ಕಾರ್ಡ್ ಚಾಚಿದವನನ್ನು ಕುಡಿದು ಬಂದವನ ಹಾಗೆ ನೋಡುತ್ತಾರೆ. ಠೇವಣಿ ಹಿಡಿದಿಟ್ಟ ಮೇಲೆ ವಿಮೆಯ ಪುರಾಣ: ಕಾರಿಗೆ ವಿಮೆ ಉಂಟು, ಆದರೆ ನಷ್ಟದಲ್ಲಿ ಮೊದಲಿನಿಷ್ಟು ಯೂರೊ ನಿಮ್ಮದೇ. ಅದೂ ಬೇಡವೆಂದರೆ ದಿನಕ್ಕೆ ಇನ್ನಿಷ್ಟು ತೆಗೆಯಿರಿ. ಟೈರು, ಗಾಜಿನ ಲೆಕ್ಕ ಬೇರೆ.

ಟೆಸ್ಟು ತೆಗೆದುಕೊಳ್ಳುವ ಇನ್‌ಸ್ಪೆಕ್ಟರು ಇರುವುದು ಫ್ಲಾರೆನ್ಸಿನ ಹಳೇಪೇಟೆಯ ಬಾಯಲ್ಲಿ, ಕಂಬದ ಮೇಲೆ. ಅನುಮತಿ ಇಲ್ಲದ ವಾಹನ ಒಳಹೋಗಬಾರದೆಂದು ‘ಜೆಡ್‌ಟಿಎಲ್’ ಬೋರ್ಡಿರುತ್ತದೆ, ಜೊತೆಗೊಂದು ಕ್ಯಾಮೆರಾ. ಬೋರ್ಡಿನ ಕೆಳಗೆ ಪೊಲೀಸು ನಿಂತಿಲ್ಲದಿದ್ದರೆ ಅದು ನಮಗಲ್ಲ ಎಂದು ಬೆಂಗಳೂರಿನ ಒನ್‌ವೇಗಳಲ್ಲಿ ಕಲಿತವರು ನಾವು. ನುಗ್ಗುತ್ತೇವೆ. ಹೋಟೆಲು ಸಿಗದೆ ಸುತ್ತು ಹಾಕಿ ಮತ್ತೆ ನುಗ್ಗುತ್ತೇವೆ. ಯಾರೂ ಕೈ ಅಡ್ಡ ಹಾಕುವುದಿಲ್ಲ, ಸೀಟಿ ಊದುವುದಿಲ್ಲ, ಕೀ ಕಿತ್ತುಕೊಳ್ಳುವುದಿಲ್ಲ. ಎಂಥ ಸಭ್ಯ ದೇಶ!

ಊರಿಗೆ ಬಂದು, "ಅಲ್ಲಿ ಡ್ರೈವಿಂಗ್ ಅಂದ್ರೆ ಸ್ವರ್ಗ ಕಣ್ರೀ, ಶಿಸ್ತು ಅಂದ್ರೆ ಅದು" ಎಂದು ನೆರೆಯವರಿಗೆ ಉಪದೇಶ ಮಾಡುತ್ತಿರುವಾಗ ಕಾರ್ಡಿನಿಂದ ಒಂದಷ್ಟು ಯೂರೊ ಕತ್ತರಿಯಾದ ಮೆಸೇಜು ಬರುತ್ತದೆ. ಅದು ದಂಡವಲ್ಲ. ನಮ್ಮ ಹೆಸರು, ವಿಳಾಸವನ್ನು ಅಲ್ಲಿನ ಪೊಲೀಸರಿಗೆ ಒಪ್ಪಿಸಿದ್ದಕ್ಕೆ ಬಾಡಿಗೆ ಕಂಪನಿ ಹಾಕಿದ ಸೇವಾಶುಲ್ಕ. ದಂಡದ ನೋಟಿಸು ಇನ್ನೂ ದಾರಿಯಲ್ಲಿದೆ, ಎರಡು ಸಲ ನುಗ್ಗಿದ್ದಕ್ಕೆ ಎರಡು.