ಮುದಿಮೋಟಾರಿನ ವಿಷಮಾರಂಭ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ತನ್ನ ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅದನ್ನು ಓದಲು ಅಧಿಕಾರಿ ಯಾರು ಎಂಬ ನಾಲ್ಕನ್ನು ಮೊದಲಲ್ಲಿಯೇ ನಿವೇದಿಸಿ ಮುಂದುವರಿಯಬೇಕೆಂಬುದು ಪೂರ್ವಾಚಾರ್ಯರು ಹಾಕಿಕೊಟ್ಟ ಪದ್ಧತಿಯಾಗಿರಲು, ಆರಂಭವೆಂಬುದನ್ನೇ ವಿಷಯವಾಗಿ ಉಳ್ಳ ಈ ಪ್ರಬಂಧವು ಆ ಪದ್ಧತಿಯನ್ನು ಮೀರುವುದು ಯುಕ್ತವಲ್ಲ. ಒಮ್ಮೆ ಹೊರಟು ಒಮ್ಮೆ ಹೊರಡದ ಹಳೆಯ ಮೋಟಾರುಗಾಡಿಯ ಸ್ವಭಾವವೇ ಇಲ್ಲಿಯ ವಿಷಯ. ಹೊಸ ಬ್ಯಾಟರಿಯ ವೆಚ್ಚವನ್ನು ಉಳಿಸುವುದು ಪ್ರಯೋಜನ. ಮಾಲಕನ ಕಿಸೆಗೂ ಮಿಸ್ತ್ರಿಯ ಊಹೆಗೂ ಇರುವ ವಿಲೋಮಾನುಪಾತವೇ ಸಂಬಂಧ. ಅಧಿಕಾರಿಯಾದರೋ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳೊಳಗೆ ಯಾವುದಾದರೊಂದು ಊರಿನ ಬಸ್ ನಿಲ್ದಾಣದೆದುರು, ಕಾರ್ಖಾನೆಗೆ ಕಬ್ಬು ಹೊತ್ತು ಸಾಗುವ ಟ್ರ್ಯಾಕ್ಟರುಗಳ ಸಾಲಿನ ನಡುವೆ ಗಾಡಿಯನ್ನು ನಿಲ್ಲಿಸಿಕೊಂಡು, ಹಿಂದೆ ಹಾರ್ನುಗಳು ಮೊಳಗುತ್ತಿರಲು ನಿರ್ವಿಕಾರಚಿತ್ತನಾಗಿ ಕೀಲಿಯನ್ನು ಮತ್ತೆ ಮತ್ತೆ ತಿರುಗಿಸಬಲ್ಲವನು. ಹೊಸ ಗಾಡಿಯುಳ್ಳವನಿಗೆ ಈ ಶಾಸ್ತ್ರದಲ್ಲಿ ಸದ್ಯಕ್ಕೆ ಅಧಿಕಾರವಿಲ್ಲ; ಅವನು ಕೆಲವು ಕಾಲ ಕಾಯಬೇಕು.

ದೃಷ್ಟಾಂತಕ್ಕಾಗಿ ನಾವು ಅಂಬಾಸಿಡರ್ ಗಾಡಿಯನ್ನು ಆರಿಸಿಕೊಂಡಿದ್ದೇವೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನು ಅನುಸರಿಸಿ ಬಂಗಾಳದ ಉತ್ತರಪಾರಾದಲ್ಲಿ ಜನ್ಮ ತಾಳಿ, ಅರ್ಧ ಶತಮಾನಕ್ಕೂ ಮಿಕ್ಕಿ ಮಂತ್ರಿಗಳನ್ನೂ ಮದುಮಕ್ಕಳನ್ನೂ ಸಮಭಾವದಿಂದ ಹೊತ್ತು, 2014ರಲ್ಲಿ ತಯಾರಿಕೆ ನಿಂತುಹೋದ ಈ ಗಾಡಿಯ ಸಂತತಿಯು ನಮ್ಮ ಸೀಮೆಯಲ್ಲಿ ಇನ್ನೂ ಅಲ್ಲಲ್ಲಿ ಉಸಿರಾಡುತ್ತಿದೆ. ಮುಂದೆ ನಿರೂಪಿಸಲಾಗುವ ದೋಷಗಳೆಲ್ಲ ಮುಪ್ಪಿನವೇ ಹೊರತು ಕಟ್ಟಿದವರವಲ್ಲ. ಫಿಯೆಟ್ ಸಂತಾನದ ಪದ್ಮಿನಿಯಲ್ಲಿಯೂ, ಇವೆರಡಕ್ಕಿಂತ ಕಿರಿದಾದ ಮಾರುತಿ 800ರಲ್ಲಿಯೂ ಅವು ಅಲ್ಪಸ್ವಲ್ಪ ಪಾಠಾಂತರಗಳೊಡನೆ ದೊರೆಯುತ್ತವೆ.

ಇನ್ನು ರೋಗದ ಹೆಸರು. ಕಾಲಕಾಲಕ್ಕೆ ಬಂದು ಹೋಗುವ ಜ್ವರವನ್ನು ಆಯುರ್ವೇದದ ಆಚಾರ್ಯರು ವಿಷಮಜ್ವರವೆಂದು ಕರೆದು, ಸಂತತ, ಸತತ, ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕ ಎಂದು ಐದಾಗಿ ವಿಂಗಡಿಸಿರುವರಷ್ಟೆ. ಆ ದಾರಿಯನ್ನೇ ಹಿಡಿದು ನಾವು ಇದನ್ನು ವಿಷಮಾರಂಭವೆಂದು ಕರೆಯುತ್ತೇವೆ. ದಿನಕ್ಕೆರಡು ಬಾರಿ ಕೆರಳುವುದು ಸತತ. ದಿನಕ್ಕೊಮ್ಮೆ, ಅದೂ ಕಚೇರಿಗೆ ಹೊರಡುವ ಹೊತ್ತಿಗೆ ಕಾಣಿಸಿಕೊಳ್ಳುವುದು ಅನ್ಯೇದ್ಯುಷ್ಕ. ದಿನ ಬಿಟ್ಟು ದಿನ ಬರುವುದು ತೃತೀಯಕ. ಎರಡು ದಿನ ಸಜ್ಜನಿಕೆಯನ್ನು ನಟಿಸಿ ಮಾಲಕನಲ್ಲಿ ವಿಶ್ವಾಸ ಹುಟ್ಟಿಸಿದ ಮೇಲೆ ಬರುವುದು ಚತುರ್ಥಕ. ಎಂದೆಂದಿಗೂ ಹೊರಡದಿರುವ ಸಂತತವು ಇವುಗಳೊಳಗೆ ಅತ್ಯಂತ ಸುಖಸಾಧ್ಯವಾದದ್ದು, ಏಕೆಂದರೆ ಪೂರ್ಣವಾಗಿ ಕೆಟ್ಟ ಗಾಡಿಯು ಸುಳ್ಳಾಡುವುದಿಲ್ಲ. ಪ್ರಾಚೀನರು ಕಾಣದ ಆರನೆಯದೊಂದನ್ನೂ ನಾವು ವಿನಯಪೂರ್ವಕವಾಗಿ ಸೇರಿಸುತ್ತೇವೆ. ಅದು ನೈಮಿತ್ತಿಕ, ಬೀಗರು ಒಳಗೆ ಕುಳಿತಾಗ ಮಾತ್ರ ತೋರುವುದು.

ಈ ವ್ಯಾಧಿಯ ಪ್ರಧಾನ ಲಕ್ಷಣವು ಗಾಡಿಯಲ್ಲಿರದೆ ಮಿಸ್ತ್ರಿಯ ಸನ್ನಿಧಿಯಲ್ಲಿರುವುದು ಗಮನಾರ್ಹ. ಮನೆಯ ಮುಂದೆ ಮುಂಜಾನೆಯಿಂದ ಮೌನವ್ರತ ಹಿಡಿದಿದ್ದ ವಾಹನವು, ನಾಲ್ಕು ಜನರ ನೂಕಿನಿಂದ ಹೇಗೋ ಎಚ್ಚೆತ್ತು ಗ್ಯಾರೇಜಿನ ಅಂಗಳವನ್ನು ಮುಟ್ಟಿದೊಡನೆ ಒಂದೇ ಕೀಲಿಗೆ ಕೊರಳೆತ್ತಿ ಹಾಡುತ್ತದೆ. ಆಗ ಮಿಸ್ತ್ರಿಯು ಕೈಯೊರಸಿಕೊಳ್ಳುತ್ತ, "ಏನಾಗೇತ್ರಿ ಸಾಹೇಬ್ರ? ಒಂದ ಸೆಲ್ಫಿಗೆ ಎತ್ತಿತಲ್ರಿ. ಗಾಡಿ ಛಲೋ ಐತಿ, ಒಯ್ರಿ" ಎಂದು ತೀರ್ಪು ಕೊಡುತ್ತಾನೆ. ದರ್ಶನಶಾಸ್ತ್ರದ ದೃಷ್ಟಿಯಿಂದ ಇವನು ಶುದ್ಧ ಚಾರ್ವಾಕ. ಪ್ರತ್ಯಕ್ಷವೊಂದಲ್ಲದೆ ಅನ್ಯ ಪ್ರಮಾಣವನ್ನು ಇವನು ಒಪ್ಪನು. ಮುಂಜಾನೆಯ ಮೌನವು ಇವನಿಗೆ ಪರಲೋಕದಷ್ಟೇ ಅಸಿದ್ಧ. ಮಾಲಕನೋ ನೈಯಾಯಿಕ, ಎಲ್ಲೆಲ್ಲಿ ಕೀಲಿಯ ತಿರುಗುವಿಕೆಯೋ ಅಲ್ಲಲ್ಲಿ ಎಂಜಿನ್ನಿನ ಹೊರಡುವಿಕೆ ಎಂಬ ವ್ಯಾಪ್ತಿಯನ್ನು ನಂಬಿ ಬಾಳುವವನು, ಅವನ ಹೇತುವು ಸವ್ಯಭಿಚಾರವೆಂಬ ಹೇತ್ವಾಭಾಸಕ್ಕೆ ತುತ್ತಾದುದನ್ನು ಬಸ್ ನಿಲ್ದಾಣದೆದುರು ಬಹಿರಂಗವಾಗಿ ಕಂಡವನು. ಇವರಿಬ್ಬರ ಸಂವಾದವು ಸಿದ್ಧಾಂತವನ್ನು ಮುಟ್ಟಿದ ನಿದರ್ಶನ ಇತಿಹಾಸದಲ್ಲಿಲ್ಲ.

ಪೂರ್ವಪಕ್ಷಗಳನ್ನು ಪರಾಮರ್ಶಿಸುವ ಮೊದಲು ಒಂದು ವಿಭಾಗವನ್ನು ಮಾಡಿಕೊಳ್ಳಲೇಬೇಕು. ಇದನ್ನು ಮಾಡಿಕೊಳ್ಳದೆ ವಾದಕ್ಕಿಳಿದುದರಿಂದಲೇ ಪಾನಂಗಡಿಗಳೆದುರಿನ ಅನೇಕ ಪಂಡಿತಸಭೆಗಳು ನಿಷ್ಫಲವಾಗಿವೆ. "ಸೆಲ್ಫ್ ಎತ್ತವಲ್ದು" ಎಂಬುದು ಒಂದು ರೋಗ. "ಸೆಲ್ಫ್ ಹೊಡಿತೈತಿ, ಗಾಡಿ ಹಿಡಿಯವಲ್ದು" ಎಂಬುದು ಅದಕ್ಕಿಂತ ಭಿನ್ನವಾದ ಬೇರೊಂದು ರೋಗ. ಮೊದಲನೆಯದರಲ್ಲಿ ಎಂಜಿನ್ನು ತಿರುಗುವುದೇ ಇಲ್ಲ, ಇಲ್ಲವೇ ಬಸವಳಿದು ತಿರುಗುತ್ತದೆ. ದೋಷವಿರುವುದು ಬ್ಯಾಟರಿ, ತಂತಿ, ಸೊಲೆನಾಯ್ಡ್, ಸ್ಟಾರ್ಟರ್ ಮೋಟಾರುಗಳೊಳಗೆ. ಎರಡನೆಯದರಲ್ಲಿ ಎಂಜಿನ್ನು ಉತ್ಸಾಹದಿಂದ ತಿರುಗಿಯೂ ಉರಿ ಹಿಡಿಯದು. ಅಲ್ಲಿ ಕೊರತೆಯಿರುವುದು ಕಿಡಿಯದು ಅಥವಾ ಪೆಟ್ರೋಲಿನದು. ಮುಂಭಾಗದ ರಂಧ್ರದಲ್ಲಿ ಹ್ಯಾಂಡಲ್ ತೂರಿಸಿ ಮೈಬೆವರಿಳಿಸಿ ತಿರುಗಿಸುತ್ತಿದ್ದ ಮಾನವಕುಲವನ್ನು 1912ರ ಕ್ಯಾಡಿಲ್ಯಾಕ್ ಗಾಡಿಯಲ್ಲಿ ವಿದ್ಯುತ್ ಸ್ಟಾರ್ಟರ್ ಅಳವಡಿಸಿ ಉದ್ಧರಿಸಿದ ಅಮೆರಿಕದ ಚಾರ್ಲ್ಸ್ ಕೆಟರಿಂಗನೇ ಪಾಯಿಂಟು ಮತ್ತು ಕಾಯಿಲುಗಳ ಕಿಡಿವ್ಯವಸ್ಥೆಯನ್ನೂ ರೂಪಿಸಿದವನಾದ್ದರಿಂದ, ಎರಡೂ ರೋಗಗಳಿಗೆ ಮೂಲಪುರುಷನು ಒಬ್ಬನೇ ಎಂಬುದು ಚೋದ್ಯ. ಅವನ ಉಪಕಾರವು ದೊಡ್ಡದು. ಹ್ಯಾಂಡಲು ಒದ್ದು ಮುರಿಯುತ್ತಿದ್ದ ಮುಂಗೈಗಳ ಲೆಕ್ಕವನ್ನು ನೆನೆದರೆ ಕೃತಜ್ಞತೆ ಉಕ್ಕುತ್ತದೆ.

ಈಗ ಪೂರ್ವಪಕ್ಷಗಳು. ಜಮಖಂಡಿ ಸಂಪ್ರದಾಯದವರು ಎಲ್ಲ ರೋಗಕ್ಕೂ ಬ್ಯಾಟರಿಯನ್ನೇ ಬದಲಿಸಬೇಕೆನ್ನುತ್ತಾರೆ. ಪಟವರ್ಧನರ ಸಂಸ್ಥಾನವು 1948ರಲ್ಲಿ ವಿಲೀನವಾದಾಗ ಆಡಳಿತವೇ ಸಮೂಲವಾಗಿ ಬದಲಾದುದನ್ನು ಕಂಡ ಊರಾದ್ದರಿಂದ, ಅಧಿಕಾರದ ಮೂಲವನ್ನೇ ಕಿತ್ತಿಟ್ಟರೆ ಉಳಿದುದೆಲ್ಲ ಸರಿಹೋಗುವುದೆಂಬ ರಾಜಕೀಯ ನಂಬಿಕೆಯು ಇಲ್ಲಿ ಯಂತ್ರಶಾಸ್ತ್ರಕ್ಕೂ ಇಳಿದು ಬಂದಿರಬೇಕು. ವಿಶ್ರಾಂತ ಸ್ಥಿತಿಯಲ್ಲಿ 12.6 ವೋಲ್ಟ್ ತೋರಿಸುವ, ಸೆಲ್ಫ್ ಹೊಡೆಯುವಾಗಲೂ 9.6ಕ್ಕಿಂತ ಕೆಳಗಿಳಿಯದ ಬ್ಯಾಟರಿಯು ನಿರಪರಾಧಿಯೆಂದು ಎಷ್ಟು ವಾದಿಸಿದರೂ ಈ ಪಂಥದವರು ಅದನ್ನು ಗಡೀಪಾರು ಮಾಡಿಯೇ ತೀರುತ್ತಾರೆ. ಹೊಸ ಬ್ಯಾಟರಿಯನ್ನು ಕೂರಿಸುವಾಗ ತುಕ್ಕು ಹಿಡಿದ ಟರ್ಮಿನಲ್ಲುಗಳನ್ನು ಬಿಚ್ಚಿ ಉಜ್ಜಿ ಬಿಗಿಯಬೇಕಾಗುತ್ತದೆ. ಆ ಉಜ್ಜುವಿಕೆಯಿಂದಲೇ ರೋಗವು ಕೆಲವು ವಾರ ಶಮನವಾಗುತ್ತದೆ. ಕೀರ್ತಿಯು ಬ್ಯಾಟರಿಗೆ ಸಲ್ಲುತ್ತದೆ. ಕಾಕತಾಲೀಯ ನ್ಯಾಯಕ್ಕೆ ಇದಕ್ಕಿಂತ ಬೆಲೆಬಾಳುವ ಉದಾಹರಣೆಯು ಯಾವ ತರ್ಕಗ್ರಂಥದಲ್ಲಿಯೂ ಇಲ್ಲ.

ಮುಧೋಳದ ಪಂಥವು ಉಷ್ಣವಾದಿ. ರನ್ನಕವಿಯ ನಾಡಿನವರಾದ ಇವರು ತಮ್ಮ ವಾದಕ್ಕೆ ಗದಾಯುದ್ಧವನ್ನೇ ಆಧಾರವಾಗಿ ಒಡ್ಡುತ್ತಾರೆ. ವೈಶಂಪಾಯನ ಸರೋವರದ ತಣ್ಣೀರಿನಲ್ಲಿ ಮುಳುಗಿದ್ದ ದುರ್ಯೋಧನನು ಭೀಮನ ಗರ್ಜನೆಗೆ ನೀರಿನೊಳಗೇ ಬೆವರಿದನಷ್ಟೆ. ಹಾಗೆಯೇ ರೇಡಿಯೇಟರಿನ ನೀರಿನಿಂದ ಸುತ್ತುವರಿಯಲ್ಪಟ್ಟ ಎಂಜಿನ್ನೂ ವೈಶಾಖದ ಮಧ್ಯಾಹ್ನ ಒಳಗೊಳಗೇ ಕುದಿಯುತ್ತದೆಂದು ಇವರ ಉಪಮಾನ. ಈ ಪಕ್ಷದಲ್ಲಿ ಹುರುಳಿಲ್ಲದಿಲ್ಲ. ದೂರ ಓಡಿ ನಿಂತ ಗಾಡಿಯ ಬಾನೆಟ್ಟಿನೊಳಗೆ ಗಾಳಿಯಾಡದೆ ಶಾಖವು ಏರಿ, ಎಂಜಿನ್ನಿಗೆ ಅಂಟಿಕೊಂಡೇ ಇರುವ ಪೆಟ್ರೋಲ್ ಪಂಪಿನಲ್ಲಿಯೂ ನಳಿಕೆಯಲ್ಲಿಯೂ ಪೆಟ್ರೋಲು ಆವಿಯಾಗುತ್ತದೆ. ದ್ರವವನ್ನು ಎತ್ತಲು ನಿರ್ಮಿತವಾದ ಪಂಪು ಆವಿಯನ್ನು ಎತ್ತಲಾರದೆ ಸೋಲುತ್ತದೆ. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ ಒಂದು ಚಹಾ ಮುಗಿಸುವಷ್ಟರಲ್ಲಿ ಗಾಡಿ ಹೊರಟರೆ ರೋಗವು ಇದೇ ಎಂದು ತಿಳಿಯಬೇಕು. ಆದರೆ ಬಿಸಿಯಾದ ಕಾಯಿಲೂ ಹೀಗೆಯೇ ಸತ್ತು, ತಣಿದ ಮೇಲೆ ಹೀಗೆಯೇ ಬದುಕುವುದುಂಟಾಗಿ, ಬಟ್ಟೆಗೆ ಕೀರ್ತಿ ಕೊಡುವ ಮುನ್ನ ಗಾಡಿ ಹಟ ಹಿಡಿದಿರುವಾಗಲೇ ಪ್ಲಗ್ಗೊಂದನ್ನು ಬಿಚ್ಚಿ, ತಂತಿಗೆ ಸಿಕ್ಕಿಸಿ, ಪೆಟ್ರೋಲಿನ ಪಸೆಯಿಲ್ಲದೆಡೆ ಎಂಜಿನ್ನಿನ ಲೋಹಕ್ಕೆ ತಾಗಿಸಿ, ನೀಲಿ ಕಿಡಿ ಹಾರುವುದೋ ಇಲ್ಲವೋ ನೋಡಬೇಕು. ಕಿಡಿಯಿದ್ದರೆ ಪೆಟ್ರೋಲಿನ ಕಡೆ ನಡೆಯಿರಿ. ಇಲ್ಲದಿದ್ದರೆ ಕಾಯಿಲು, ಕಂಡೆನ್ಸರ್, ಪಾಯಿಂಟುಗಳ ಕಡೆ. ಅನ್ವಯವ್ಯತಿರೇಕವೆಂದರೆ ಇದೇ.

ಪ್ರಸಂಗವಶಾತ್ ಮತ್ತೊಂದು ಮಾತು. ಈ ಸೀಮೆಯ ಕಬ್ಬು ಅರೆಯುವ ಕಾರ್ಖಾನೆಗಳಲ್ಲಿ ಕಾಕಂಬಿಯಿಂದ ಇಳಿಸಿದ ಎಥನಾಲ್ ಈಗ ಪೆಟ್ರೋಲಿನೊಳಗೆ ಶೇಕಡಾ 20ರ ಪ್ರಮಾಣದಲ್ಲಿ ಬೆರೆತು ಬರುತ್ತಿದೆ. ಅದು ತೇವವನ್ನು ಹೀರುವುದು. ಅದನ್ನು ಕನಸಿನಲ್ಲಿಯೂ ಕಾಣದ ಕಾಲದ ರಬ್ಬರ್ ನಳಿಕೆಗಳನ್ನೂ ಪಂಪಿನ ಪೊರೆಯನ್ನೂ ಉಬ್ಬಿಸಿ ಸಡಿಲಿಸುವುದು. ತನ್ನ ಹೊಲದ ಕಬ್ಬು ತನ್ನ ಗಾಡಿಯ ಹೊಟ್ಟೆಯನ್ನೇ ಕೆಡಿಸುವುದನ್ನು ಕಂಡು ಮುಧೋಳದ ರೈತನು ನಗಬೇಕೋ ಅಳಬೇಕೋ ತಿಳಿಯದಾಗಿದ್ದಾನೆ. ಹಳೆಯ ನಳಿಕೆಗಳನ್ನು ತೆಗೆದು ಎಥನಾಲ್ ತಾಳಬಲ್ಲವನ್ನು ಹಾಕಿಸಿಕೊಳ್ಳುವುದೊಂದೇ ದಾರಿ. ಬೆಲ್ಲ ತಿನ್ನಬೇಡವೆಂದು ಗಾಡಿಗೆ ಬುದ್ಧಿ ಹೇಳಲಾಗುವುದಿಲ್ಲ.

ಬೀಳಗಿಯ ಪಂಥದವರು ರೋಗವನ್ನು ವಿಚಾರಿಸುವ ಗೊಡವೆಗೇ ಹೋಗದೆ ಗಾಡಿಯನ್ನು ಸದಾ ಇಳಿಜಾರಿನಲ್ಲಿಯೇ ನಿಲ್ಲಿಸಬೇಕೆಂದು ಬೋಧಿಸುತ್ತಾರೆ. ಆಕ್ಷೇಪಿಸಲು ಏನೂ ಇಲ್ಲ, ಇಳಿಜಾರು ಇರುವವರೆಗೆ. ಇದಕ್ಕೆ ಸಮೀಪವರ್ತಿಯಾದದ್ದು ಧಕ್ಕಾ ಸಂಪ್ರದಾಯ. ಸರ್ಕಾರದ ದಾರಿ ಕಾಯದೆ ರೈತರು ತಮ್ಮದೇ ಹಣ, ತಮ್ಮದೇ ಬೆವರಿನಿಂದ 1989ರಲ್ಲಿ ಕೃಷ್ಣೆಗೆ ಚಿಕ್ಕಪಡಸಲಗಿಯ ಬ್ಯಾರೇಜನ್ನು ಕಟ್ಟಿ ನಿಲ್ಲಿಸಿದ ಸೀಮೆಯಲ್ಲಿ ಒಂದು ಅಂಬಾಸಿಡರನ್ನು ನೂಕಲು ಜನರ ಬರವಿಲ್ಲ. ಆದರೆ ನೂಕುವವರ ಸೌಲಭ್ಯವೇ ನಿದಾನಶಾಸ್ತ್ರದ ಪರಮಶತ್ರುವೆಂದು ನಾವು ಹೇಳಲೇಬೇಕಾಗಿದೆ: ನಾಲ್ಕು ತೋಳುಗಳು ಸಿಕ್ಕಿದೊಡನೆ ಕಾರಣವನ್ನು ಹುಡುಕುವ ಜಿಜ್ಞಾಸೆಯು ಸತ್ತುಹೋಗುತ್ತದೆ.

ಉಳಿದುದು ರಬಕವಿ-ಬನಹಟ್ಟಿಯ ಪಂಥ. ನಮ್ಮ ಸಿದ್ಧಾಂತವು ನಿಂತಿರುವುದೂ ಇದರ ಮೇಲೆಯೇ. ಮಗ್ಗದ ಮುಂದೆ ನಿಂತ ನೇಕಾರನು ಹಾಸಿನಲ್ಲಿ ಒಂದು ಎಳೆ ಹರಿದರೆ ಮಗ್ಗವನ್ನು ಬದಲಿಸುವುದಿಲ್ಲ, ಮಗ್ಗವನ್ನು ಬೈಯುವುದೂ ಇಲ್ಲ. ಹರಿದ ಎಳೆಯ ತುದಿಯನ್ನು ಬೆರಳಿಗೆ ಹಿಡಿದು, ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕಾಗಿತ್ತೋ ಅಲ್ಲಿಯವರೆಗೆ ಕಣ್ಣೋಡಿಸಿ ಗಂಟು ಹಾಕುತ್ತಾನೆ. ವಿದ್ಯುತ್ತನ್ನೂ ಹೀಗೆಯೇ ಹಿಂಬಾಲಿಸಬೇಕು. ಅದು ಬ್ಯಾಟರಿಯಿಂದ ಹೊರಟು ಸ್ಟಾರ್ಟರನ್ನು ಸೇರಿದರೆ ಸಾಲದು, ಮರಳಿ ಬ್ಯಾಟರಿಗೆ ಬರಬೇಕು. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ಮರಳುವ ದಾರಿಯನ್ನು ಯಾರೂ ನೋಡರು. ಎಂಜಿನ್ನು ಕುಳಿತಿರುವುದು ರಬ್ಬರಿನ ಮೇಲೆ. ಆದ್ದರಿಂದ ಎಂಜಿನ್ನಿಗೂ ಗಾಡಿಯ ಮೈಗೂ ನಡುವೆ ಹೆಣೆದ ತಾಮ್ರದ ಅರ್ಥಿಂಗ್ ಪಟ್ಟಿಯೊಂದು ಇರುತ್ತದೆ. ಎಣ್ಣೆ, ಧೂಳು, ಮಳೆನೀರುಗಳಲ್ಲಿ ದಶಕಗಳ ಕಾಲ ಅಜ್ಞಾತವಾಸ ಮಾಡಿದ ಈ ಪಟ್ಟಿಯು ತುದಿಯಲ್ಲಿ ತುಕ್ಕು ಹಿಡಿದು, ಎಂಜಿನ್ನು ಒಂದು ಬಗೆಯಾಗಿ ಅಲುಗಿ ನಿಂತಾಗ ಮುಟ್ಟುತ್ತ, ಇನ್ನೊಂದು ಬಗೆಯಾಗಿ ನಿಂತಾಗ ಮುಟ್ಟದೆ, ವಿಷಮಾರಂಭದ ಸಮಸ್ತ ಲೀಲೆಯನ್ನೂ ನಡೆಸುತ್ತದೆ. ಗ್ಯಾರೇಜಿನ ಹಾದಿಯ ತಗ್ಗುಗಳಲ್ಲಿ ಎಗರಿ ಬಂದ ಗಾಡಿ ಮಿಸ್ತ್ರಿಯೆದುರು ಏಕೆ ಹೊರಡುತ್ತದೆಂಬ ರಹಸ್ಯವೂ ಇಲ್ಲಿಯೇ ಬಿಚ್ಚಿಕೊಳ್ಳುತ್ತದೆ.

ಗಣಿತವೂ ನಮ್ಮ ಪಕ್ಷದಲ್ಲಿದೆ. ಸ್ಟಾರ್ಟರು 150 ಆಂಪಿಯರ್ ಸೆಳೆಯುವಾಗ ದಾರಿಯಲ್ಲಿ ಒಂದು ಓಮ್‌ನ ಐವತ್ತರಲ್ಲೊಂದು ಭಾಗದಷ್ಟು ಅಡ್ಡಿ ಇದ್ದರೂ 3 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. ದಾರಿಯಲ್ಲಿ ಸುಂಕ ತೆತ್ತು ಬಡವಾದ ವಿದ್ಯುತ್ತಿನಿಂದ ಸ್ಟಾರ್ಟರು ಟಕ್ಕೆಂದು ಸದ್ದು ಮಾಡಿ ಸುಮ್ಮನಾಗುತ್ತದೆ. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ತಲೆಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿದು ಸೆಲ್ಫ್ ಹೊಡೆಸಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಕಳ್ಳನು ಆ ದಾರಿಯಲ್ಲಿದ್ದಾನೆ. ಮೀಟರಿಲ್ಲದವರಿಗೂ ಒಂದು ಲಕ್ಷಣವುಂಟು: ಪಟ್ಟಿಯ ದಾರಿ ಮುಚ್ಚಿದಾಗ ವಿದ್ಯುತ್ತು ಎಂಜಿನ್ನಿನಿಂದ ಮರಳಲು ಚೋಕಿನ ತಂತಿಯನ್ನೋ ಆಕ್ಸಿಲರೇಟರ್ ತಂತಿಯನ್ನೋ ಹಿಡಿಯುವುದರಿಂದ ಅವು ಕೈಸುಡುವಷ್ಟು ಕಾಯುತ್ತವೆ. ಸೆಲ್ಫ್ ಹೊಡೆದಾಗ ಚೋಕಿನ ಗುಂಡಿಯ ಬಳಿ ಹೊಗೆಯೆದ್ದರೆ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬ ನೈಯಾಯಿಕರ ಹಳೆಯ ಉದಾಹರಣೆಯನ್ನು ಮೆಚ್ಚುತ್ತ ಕೂರದೆ ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚತಕ್ಕದ್ದು.

ಪಟ್ಟಿಯು ನಿರ್ದೋಷಿಯೆಂದು ತೇಲಿದಲ್ಲಿ ಸೊಲೆನಾಯ್ಡಿನ ಒಳತಾಮ್ರವನ್ನೂ ಸ್ಟಾರ್ಟರಿನ ಸವೆದ ಬ್ರಶ್ಶುಗಳನ್ನೂ ಶಂಕಿಸಬಹುದು; ರಾತ್ರಿ ದೀಪ ಹಾಕಿ ಕೀಲಿ ತಿರುಗಿಸಿದಾಗ ದೀಪ ಮಂಕಾಗದೆ ಬರಿಯ ಟಕ್ ಸದ್ದು ಬಂದರೆ ಶಂಕೆಗೆ ಬಲ ಬರುತ್ತದೆ. ಸ್ಟಾರ್ಟರಿಗೆ ಪಾನಾದಿಂದ ಮೆಲ್ಲಗೆ ತಟ್ಟಿದೊಡನೆ ಗಾಡಿ ಹೊರಟರೆ ಬ್ರಶ್ಶು ಹೋಗಿದೆಯೆಂದೇ ಅರ್ಥ. ತಟ್ಟುವಿಕೆಯನ್ನು ಚಿಕಿತ್ಸೆಯೆಂದು ಭ್ರಮಿಸಿ ಪಾನಾವನ್ನು ಡಿಕ್ಕಿಯಲ್ಲಿಟ್ಟುಕೊಂಡು ವರ್ಷಗಟ್ಟಲೆ ತಿರುಗುವವರು ನಮ್ಮಲ್ಲಿ ಕಡಿಮೆಯಿಲ್ಲ.

ಆದುದರಿಂದ ವಾಚಕಮಹಾಶಯರಲ್ಲಿ ನಮ್ಮ ಬಿನ್ನಹವು ಇಷ್ಟೇ. ಹೊರಟ ಗಾಡಿಯನ್ನು ಮಿಸ್ತ್ರಿಯೆದುರಿಗೆ ಒಯ್ಯಬೇಡಿರಿ, ಹೊರಡದ ಗಾಡಿಯೆದುರಿಗೆ ಮಿಸ್ತ್ರಿಯನ್ನು ಕರೆತನ್ನಿರಿ. ಅವನು ಬರುವವರೆಗೆ ಹೊತ್ತೆಷ್ಟು, ಬಿಸಿಲೆಷ್ಟು, ಸದ್ದು ಯಾವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ಅವನು ಬ್ಯಾಟರಿಯ ಹೆಸರೆತ್ತುವ ಮೊದಲು ಅರ್ಥಿಂಗ್ ಪಟ್ಟಿಯ ಎರಡೂ ತುದಿಗಳನ್ನು ಬಿಚ್ಚಿಸಿ, ಉಪ್ಪುಕಾಗದದಿಂದ ಉಜ್ಜಿಸಿ, ಬಿಗಿಸಿರಿ. ಅಷ್ಟರೊಳಗೆ ನಾಲ್ವರು ಬಂದು ನೂಕಿಯೇ ತೀರುವೆವೆಂದರೆ ಎರಡನೆಯ ಗೇರಿನಲ್ಲಿಟ್ಟುಕೊಳ್ಳಿರಿ, ಹೊರಟ ಮೇಲೆ ಅವರಿಗೆ ತಪ್ಪದೆ ಚಹಾ ಕುಡಿಸಿರಿ. ಆದರೆ ಚಹಾದಂಗಡಿಯ ಮುಂದೆ ಎಂಜಿನ್ನನ್ನು ಮಾತ್ರ ಬಂದ್ ಮಾಡಬೇಡಿರಿ.